ಕಲ್ಲಟ್ಟಿ ತಿರುವಿನ ಸದ್ದು

ಮದುವೆಯಾಗಿ ಉದಕಮಂಡಲಕ್ಕೆ ಬಂದ ಹೊಸದರಲ್ಲಿ ನಾನೊಂದು ವಿಷಯ ಗಮನಿಸಿದೆ. ನಮ್ಮ ಬೀದಿಯ ಕೊನೆಯಲ್ಲಿದ್ದ ತಗಡಿನ ಶೆಡ್ಡಿನ ಮುಂದೆ ಹೋಗುವಾಗ ನನ್ನ ಓರಗಿತ್ತಿ ಮಾತು ನಿಲ್ಲಿಸಿಬಿಡುತ್ತಿದ್ದಳು. ಅದನ್ನು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡುತ್ತಿದ್ದಳು. ಶೆಡ್ಡಿನೊಳಗೆ ಒಬ್ಬ ಹೆಂಗಸು, ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಗಂಡಸರ ಉಣ್ಣೆ ಕೋಟು ತೊಟ್ಟು, ಹಣೆ ತುಂಬ ವಿಭೂತಿ ಧರಿಸಿ, ಎಂಜಿನ್ನುಗಳ ನಡುವೆ ಓಡಾಡುವುದು ಕಾಣುತ್ತಿತ್ತು. ಅವರೇ ಲಿಂಗಾಜಮ್ಮ. ಆಮೇಲೆ ಅವರ ಪರಿಚಯ ಬೆಳೆದು, ಅವರ ಒಲೆಯ ಮುಂದೆ ಕೂತು ಎಷ್ಟೋ ಮಧ್ಯಾಹ್ನ ಕಳೆದೆ. ಅವರು ಹೇಳಿದ್ದು, ಅವರ ಶೆಡ್ಡಿನ ಫಿಟ್ಟರ್ ಭೋಜನ್ ಹೇಳಿದ್ದು, ಕೊನೆಗೆ ನಾನೇ ಕಂಡದ್ದು, ಎಲ್ಲ ಸೇರಿಸಿ ಇದನ್ನು ಹೇಳುತ್ತಿದ್ದೇನೆ.

ಲಿಂಗಾಜಮ್ಮನವರ ತವರು ಗುಂಡ್ಲುಪೇಟೆ ಕಡೆ. ತಂದೆ ಬೆಟ್ಟಯ್ಯನವರದು ಎತ್ತಿನಗಾಡಿಯ ವ್ಯಾಪಾರ. ರಾಗಿ, ಅವರೆ, ಬೆಲ್ಲ ಹೇರಿಕೊಂಡು ಕಾಡು ದಾಟಿ ಮಸಿನಗುಡಿಗೆ ಬಂದು, ಅಲ್ಲಿಂದ ಸೀಗೂರು ಘಾಟಿ ಹತ್ತಿ ಊಟಿ ಸಂತೆಗೆ ಬರುತ್ತಿದ್ದರು. ಘಾಟಿ ಇಳಿಯುವಾಗ ಗಾಡಿ ಓಡದಂತೆ ಚಕ್ರಕ್ಕೆ ಮರದ ಕೊರಡು ಒತ್ತಿ ಹಿಡಿಯಬೇಕು. ಕೊರಡು ಉಜ್ಜಿ ಹೊಗೆಯೆದ್ದಾಗ ಅದಕ್ಕೆ ನೀರು ಹೊಯ್ಯಬೇಕು. ಹುಡುಗಿಯಾಗಿದ್ದಾಗ ತಂದೆಯ ಜೊತೆ ಬಂದು ಆ ಕೆಲಸ ಮಾಡಿದ್ದೆ ಎಂದು ಅವರು ನಗುತ್ತಾ ಹೇಳುತ್ತಿದ್ದರು. ಅವರು ನಗುತ್ತಿದ್ದ ಸಂಗತಿಗಳು ತೀರ ಕಮ್ಮಿ, ಅದಕ್ಕೇ ನನಗೆ ನೆನಪಿದೆ.

ಗಂಡ ಸಿದ್ದಯ್ಯನವರು ಚೇರಂಬಾಡಿಯ ಒಂದು ಟೀ ಫ್ಯಾಕ್ಟರಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಾ ಕೆಲಸ ಕಲಿತವರು. ಎಸ್ಟೇಟಿನ ದೊರೆಗಳು ಮೋಟಾರು ಕೊಳ್ಳಲು ಶುರು ಮಾಡಿದಾಗ ಊಟಿಗೆ ಬಂದು ಶೆಡ್ಡು ಹಾಕಿದರು. ಜೊತೆಗೆ ತಾಯಿ ಪುಟ್ಟಲಿಂಗಮ್ಮ, ಹೆಂಡತಿ ಲಿಂಗಾಜಮ್ಮ. ಮಕ್ಕಳಾಗಲಿಲ್ಲ. ಕೆಲಸಕ್ಕೆ ಹತ್ತಿರದ ಹಟ್ಟಿಯಿಂದ ಬಡಗರ ಭೋಜನ್ ಬಂದು ಸೇರಿಕೊಂಡ. ಅವನು ತನ್ನ ಬಡಗ ಮಾತಿನಲ್ಲೇ ಮಾತಾಡುತ್ತಿದ್ದ, ಇವರು ತಮ್ಮ ಕನ್ನಡದಲ್ಲಿ. ಯಾರಿಗೂ ಯಾರ ಮಾತೂ ತಿಳಿಯದೆ ಹೋಗಲಿಲ್ಲ.

ಆ ಶೆಡ್ಡಿನಲ್ಲಿ ಬೇರೆ ಕಡೆ ಇಲ್ಲದ ಒಂದು ವಸ್ತುವಿತ್ತು. ಅದಕ್ಕೆ ಅವರು ಜಗ್ಗುಚಕ್ರ ಎನ್ನುತ್ತಿದ್ದರು. ಒಂದು ಎಂಜಿನ್ನಿನ ಬಲ ಎಷ್ಟೆಂದು ತಿಳಿಯಲು ಕಾರನ್ನು ಬೆಟ್ಟ ಹತ್ತಿಸಬೇಕಿಲ್ಲ, ನಿಂತಲ್ಲೇ ತೂಗಬಹುದು ಎಂದು ಸಿದ್ದಯ್ಯನವರು ಫ್ಯಾಕ್ಟರಿಯಲ್ಲಿ ಕಂಡಿದ್ದರು. ಹಳೆಯ ಫ್ಯಾಕ್ಟರಿಯೊಂದರ ದೊಡ್ಡ ಕಬ್ಬಿಣದ ರಾಟೆ ತಂದು ಶೆಡ್ಡಿನ ನಡುವೆ ಕೂರಿಸಿದರು. ಕಾರಿನಿಂದ ಬಿಚ್ಚಿದ ಎಂಜಿನ್ನನ್ನು ಅದಕ್ಕೆ ಜೋಡಿಸಿ ಚಾಲೂ ಮಾಡಿದರೆ ರಾಟೆ ತಿರುಗುತ್ತದೆ. ರಾಟೆಯ ಮೇಲೆ ಕೆಳಗೆ ಕಚ್ಚಿ ಹಿಡಿಯುವ ಮರದ ತುಂಡುಗಳು. ತಿರುಪು ಬಿಗಿ ಮಾಡಿದಷ್ಟೂ ಅವು ರಾಟೆಯನ್ನು ಹಿಡಿದು ಜಗ್ಗುತ್ತವೆ. ಆ ತುಂಡುಗಳಿಂದ ಹೊರಟ ಉದ್ದನೆಯ ತೋಳೊಂದು ಟೀ ಸೊಪ್ಪು ತೂಗುವ ಯಂತ್ರದ ಮೇಲೆ ಒತ್ತುತ್ತದೆ. ಎಂಜಿನ್ ಜೋರಾಗಿ ಎಳೆದಷ್ಟೂ ಆ ಯಂತ್ರದ ಮುಳ್ಳು ಮೇಲೇರುತ್ತದೆ. ಮರ ಸುಟ್ಟು ಬೂದಿಯಾಗದಂತೆ ರಾಟೆಗೆ ಒಂದೇ ಸಮ ನೀರು ಹೊಯ್ಯುವುದು ಲಿಂಗಾಜಮ್ಮನ ಕೆಲಸ. ಹೆಚ್ಚು ಹೊಯ್ದರೆ ಹಿಡಿತ ಜಾರಿ ಮುಳ್ಳು ಕುಣಿಯುತ್ತದೆ, ಕಮ್ಮಿಯಾದರೆ ಹೊಗೆ. ಗಂಡ ಕಾರ್ಬುರೇಟರಿನ ಕಡೆ ಬಗ್ಗಿರುತ್ತಿದ್ದರು, ಭೋಜನ್ ತಿರುಪು ಹಿಡಿದಿರುತ್ತಿದ್ದ, ಇವರು ತಂಬಿಗೆ ಹಿಡಿದು ಮುಳ್ಳನ್ನೇ ನೋಡುತ್ತಾ ನೀರು ಬಿಡುತ್ತಿದ್ದರು. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಕಣ್ಣಲ್ಲೇ ಎಲ್ಲ.

"ಬೇರೆ ಹೆಂಗಸರು ಗಂಡನ ಜೊತೆ ಜಾತ್ರೆಗೆ ಹೋಗ್ತಾರೆ. ನಾವು ಹೀಗೆ ನಿಂತ್ಕತಿದ್ವು," ಎಂದು ಒಮ್ಮೆ ಹೇಳಿದ್ದರು.

ಸಾವಿರದ ಒಂಬೈನೂರ ಮೂವತ್ತರ ಆಚೆ ಈಚೆ ಚೇರಂಬಾಡಿ ಕಡೆಯ ಒಬ್ಬ ದೊರೆ ಹಡಗಿನಲ್ಲಿ ಒಂದು ಹಸಿರು ಕಾರು ತರಿಸಿದ. ಎರಡೇ ಸೀಟು, ಉದ್ದನೆಯ ಮೂತಿ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ಆ ಕಾರಿಗೆ ಸೂಪರ್‌ಚಾರ್ಜರ್ ಇತ್ತು. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಬ್ಲೋವರ್ ಎನ್ನುತ್ತಿದ್ದರು. ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಊಟಿಯ ಎತ್ತರದಲ್ಲಿ ಗಾಳಿ ತೆಳು. ಬಯಲಿನಲ್ಲಿ ಹಾರುವ ಕಾರು ಇಲ್ಲಿ ಏದುಸಿರು ಬಿಡುತ್ತದೆ. ಬ್ಲೋವರ್ ಇದ್ದರೆ ಆ ಕೊರತೆ ತುಂಬುತ್ತದೆ. ಆದರೆ ಗಾಳಿ ಹೆಚ್ಚಿದಂತೆ ಪೆಟ್ರೋಲಿನ ಅಳತೆ, ಕಿಡಿ ಹತ್ತುವ ಗಳಿಗೆ, ಎಲ್ಲ ಹೊಸದಾಗಿ ಹೊಂದಿಸಬೇಕು. ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ ಕಕ್ಕುತ್ತದೆ. ಕಮ್ಮಿಯಾದರೆ ಒಳಗಿನ ಬೆಂಕಿ ಮಿತಿಮೀರಿ ಪಿಸ್ಟನ್ ಕರಗಿ, ಎಂಜಿನ್ ಓಡುತ್ತಿದ್ದಂತೆಯೇ ಬಿಗಿದು ನಿಲ್ಲುತ್ತದೆ.

ದೊರೆಗಳೊಳಗೆ ಘಾಟಿ ಹತ್ತುವ ಪಂದ್ಯವೊಂದು ಏರ್ಪಾಡಾಗಿತ್ತು. ಅದಕ್ಕೆ ಕಾರನ್ನು ತಯಾರು ಮಾಡಿ ಕೊಡಬೇಕೆಂದು ಅವನು ಸಿದ್ದಯ್ಯನವರ ಬಳಿ ಬಿಟ್ಟುಹೋದ. ಆ ಎಂಜಿನ್ ಜಗ್ಗುಚಕ್ರಕ್ಕೆ ಕಟ್ಟಿದ ದಿನ ಬೀದಿಯೆಲ್ಲ ಬಂದು ನಿಂತಿತ್ತಂತೆ. ಬ್ಲೋವರ್ ಕೂಗಿದ್ದು ಯಾವ ಮೋಟಾರಿನಂತೆಯೂ ಇರಲಿಲ್ಲ. ತೆಳ್ಳಗೆ, ಎತ್ತರಕ್ಕೆ, ಯಾರೋ ಹಲ್ಲು ಕಚ್ಚಿಕೊಂಡು ಅಳುವಂತೆ. ವೇಗ ಏರಿದರೆ ಸದ್ದೂ ಏರುತ್ತದೆ, ಇಳಿದರೆ ತಗ್ಗುತ್ತದೆ. ಪುಟ್ಟಲಿಂಗಮ್ಮ ಮನೆಯಿಂದ ಬಂದು, "ಇದೇನಪ್ಪ, ಸಾವಿನ ಮನೆ ಸದ್ದು. ಇದನ್ನ ಯಾಕೆ ಒಪ್ಕೊಂಡೆ" ಎಂದು ಮಗನನ್ನು ಗದರಿದರು.

"ಗಾಳಿ ಸದ್ದು ಕಣವ್ವ. ಊದುಗೊಳವೆ ಊದಿದರೆ ಸದ್ದು ಬರಲ್ವ? ಹಾಗೇಯ," ಎಂದರು ಸಿದ್ದಯ್ಯನವರು.

ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ಜೆಟ್ಟುಗಳನ್ನು ಬದಲಿಸಿ ಬದಲಿಸಿ ನೋಡಿದರು. ಕಿಡಿಯನ್ನು ಹಿಂದೆ ಮುಂದೆ ಸರಿಸಿದರು. ಒಂದು ಬೆಳಿಗ್ಗೆ ಮುಳ್ಳು ಅಲ್ಲಾಡದೆ, ಏರಬೇಕಾದಷ್ಟು ಏರಿ ನಿಂತಿತು. ಸಿದ್ದಯ್ಯನವರು ಹೆಂಡತಿಯ ಕಡೆ ನೋಡಿ ತಲೆಯಾಡಿಸಿದರು. ಆದರೂ ಅವರಿಗೆ ಒಂದು ಅನುಮಾನ ಉಳಿದಿತ್ತು. ಇಲ್ಲಿಯ ತೆಳುಗಾಳಿಗೆ ಸರಿಯಾದದ್ದು ಮಸಿನಗುಡಿಯ ದಪ್ಪ ಗಾಳಿಯಲ್ಲಿ ಸರಿಯಾಗಿರುತ್ತದೆಯೇ? ಪಂದ್ಯ ಶುರುವಾಗುವುದು ಅಲ್ಲಿಂದ. ಕಾರನ್ನು ತಾವೇ ಕೆಳಗಿಳಿಸಿ, ಮತ್ತೆ ಹತ್ತಿಸಿ ನೋಡುತ್ತೇನೆ ಎಂದು ಹೊರಟರು.

"ನಾನೂ ಬರಲಾ?" ಎಂದು ಲಿಂಗಾಜಮ್ಮ ಕೇಳಿದರು.

"ಇನ್ನೊಂದು ದಿನ. ಇವತ್ತು ನನ್ನ ಗಮನವೆಲ್ಲ ಇದರ ಮೇಲಿರ್ತದೆ. ನಿನ್ನ ಜೊತೆ ಮಾತಾಡಕ್ಕೂ ಆಗಲ್ಲ."

ಹಸಿರು ಕಾರು ಘಾಟಿಯ ತುದಿಯ ತಲೆಕುಂದಾ ಕಡೆಗೆ ಹೋಯಿತು. ಮಧ್ಯಾಹ್ನದ ಮೇಲೆ ದಟ್ಟವಾಗಿ ಮಂಜು ಬಂತು. ಘಾಟಿ ಹತ್ತಿ ಬರುವಾಗ ಕಲ್ಲಟ್ಟಿಯ ಮೇಲಿನ ಒಂದು ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಕೆಳಗೆ ಹೋಗಿತ್ತು. ಹಿಂದಿನಿಂದ ಘಾಟಿ ಹತ್ತುತ್ತಿದ್ದ ಗಾಡಿಯವರು ಬಂದು ಸುದ್ದಿ ಹೇಳಿದರು. ಸಿದ್ದಯ್ಯನವರನ್ನು ಕಂಬಳಿಯಲ್ಲಿ ಸುತ್ತಿ ತಂದರು. ಎದೆಯ ಮೇಲಿನ ಲಿಂಗದ ಕರಡಿಗೆ ಒಂದಿಷ್ಟೂ ನಜ್ಜಾಗಿರಲಿಲ್ಲ. ನಮ್ಮವರ ಪದ್ಧತಿಯಂತೆ ಅವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಕುತ್ತಿಗೆ ನಿಲ್ಲದೆ ಒಂದು ಕಡೆಗೆ ವಾಲುತ್ತಿತ್ತು, ಭೋಜನ್ ಗುಂಡಿಯೊಳಗಿಳಿದು ಹಿಡಿದುಕೊಂಡಿದ್ದ.

ದೊರೆ ಬಂದ, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತ. ಎಂಜಿನ್ ಬಿಗಿದುಹೋಗಿರಬೇಕು, ಇಂಥದ್ದನ್ನು ಇಲ್ಲಿ ಟ್ಯೂನ್ ಮಾಡಲು ಕೊಟ್ಟದ್ದೇ ತಪ್ಪು ಎಂದು ಜೊತೆಗಾರನಿಗೆ ಹೇಳಿದ್ದು ಭೋಜನನ ಕಿವಿಗೆ ಬಿತ್ತು. ಜಜ್ಜಿಹೋದ ಕಾರನ್ನು ಮೇಲೆತ್ತಿಸಿ ಶೆಡ್ಡಿಗೆ ಹಾಕಿಸಿ, ನನಗಿದು ಬೇಡ ಎಂದು ಕೈತೊಳೆದುಕೊಂಡು, ಆ ವರ್ಷವೇ ಅವನು ತನ್ನ ದೇಶಕ್ಕೆ ಹೊರಟುಹೋದ. ಅವನ ಮಾತು ಮಾತ್ರ ಬಜಾರಿನಲ್ಲಿ ಉಳಿಯಿತು. ಸಿದ್ದಯ್ಯ ಮಾಡಿದ ಟ್ಯೂನಿಂಗೇ ಸಿದ್ದಯ್ಯನನ್ನು ತಿಂದಿತು ಎಂದರು. ಅದರ ಹಿಂದೆಯೇ ಇನ್ನೊಂದು ಮಾತು ಹುಟ್ಟಿತು. ಗಾಡಿಯವರು ಆ ತಿರುವಿನಲ್ಲಿ ಮಂಜಿನ ನಡುವೆ ಬಿಳಿ ಬಟ್ಟೆಯ ಹೆಂಗಸೊಬ್ಬಳು ನಿಂತದ್ದನ್ನು ಕಂಡಿದ್ದರು. ಕೂಗಿದಾಗ ಅವಳು ಕಾಣದಾದಳಂತೆ. ಆಮೇಲೆ ಸಂಜೆಯ ಹೊತ್ತು ಆ ತಿರುವಿನಲ್ಲಿ ಗಾಡಿ ನಿಲ್ಲಿಸುವವರೇ ಇಲ್ಲವಾದರು.

ಶೆಡ್ಡಿಗೆ ಕೆಲಸ ಬರುವುದು ನಿಂತಿತು. ಭೋಜನ್ ಕೂನೂರಿಗೆ ಹೋಗಿ ಬೇರೆ ಕಡೆ ಸೇರಿಕೊಂಡ. ಕಾರಿನ ಮೇಲೆ ಟಾರ್ಪಾಲು ಹೊದಿಸಿ ಬೀಗ ಹಾಕಿದರು. ಅತ್ತೆ ಸೊಸೆ ಇಬ್ಬರೇ ಉಳಿದರು.

ಅಷ್ಟರಲ್ಲಿ ಸದ್ದು ಶುರುವಾಗಿತ್ತು.

ಮಣ್ಣು ಮಾಡಿದ ವಾರದೊಳಗೇ ಲಿಂಗಾಜಮ್ಮನಿಗೆ ಅದು ಕೇಳಿಸಿತ್ತು. ಯಾರಿಗೂ ಹೇಳಿರಲಿಲ್ಲ. ಮಂಜು ಇಳಿಯುವ ಹೊತ್ತಿನಲ್ಲಿ, ತಲೆಕುಂದಾ ಕಡೆಯಿಂದ, ಬಹಳ ದೂರದಲ್ಲಿ ತೆಳ್ಳಗೆ ಬ್ಲೋವರ್ ಕೂಗುತ್ತಿತ್ತು. ಏರುತ್ತಿತ್ತು, ಇದ್ದಕ್ಕಿದ್ದಂತೆ ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು, ಅಲ್ಲಿಗೆ ಕತ್ತರಿಸಿದಂತೆ ನಿಲ್ಲುತ್ತಿತ್ತು. ದುಃಖದಲ್ಲಿ ಕಿವಿ ಹೀಗೆ ಆಟವಾಡಿಸುತ್ತಿದೆ ಎಂದುಕೊಂಡು ಸುಮ್ಮನಿದ್ದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಣಗಿದ ಬಟ್ಟೆ ಎತ್ತುತ್ತಿದ್ದ ಪುಟ್ಟಲಿಂಗಮ್ಮ ಹಾಗೇ ನಿಂತುಬಿಟ್ಟರು.

"ಲಿಂಗಾಜಿ, ಕಾರು ಬತ್ತಾ ಅದೆ."

ಲಿಂಗಾಜಮ್ಮ ಹಿತ್ತಲ ಬಾಗಿಲಿಗೆ ಬಂದರು. "ಯಾವ ಕಾರತ್ತೆ?"

"ಅದೇ. ಅಗೋ, ಇಳೀತು. ಮತ್ತೆ ಏರ್ತಾ ಅದೆ." ಆಮೇಲೆ ಮುದುಕಿ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಕಾದರು. "ನಿಂತೋಯ್ತು," ಎಂದರು.

ಆ ದಿನದಿಂದ ಇಬ್ಬರ ನಡುವೆ ಅದು ಗುಟ್ಟಾಗಿ ಉಳಿಯಲಿಲ್ಲ. ಪ್ರತಿದಿನವೂ ಬರುತ್ತಿರಲಿಲ್ಲ, ಮಂಜು ಬಂದ ದಿನವೆಲ್ಲ ಬರುತ್ತದೆಂದೂ ಇರಲಿಲ್ಲ. ಆ ಕಾರನ್ನು ಗುಜರಿಗೆ ಹಾಕು, ಅದು ಮನೆಯ ಮಗ್ಗುಲಲ್ಲಿ ಇರುವವರೆಗೂ ನನ್ನ ಮಗನಿಗೆ ನೆಲೆಯಿಲ್ಲ ಎಂದು ಪುಟ್ಟಲಿಂಗಮ್ಮ ಹಟ ಹಿಡಿದರು. ಲಿಂಗಾಜಮ್ಮ ಒಪ್ಪಲಿಲ್ಲ. ಅವರಿಗೆ ಒಂದು ವಿಷಯ ತಿಳಿಯಬೇಕಿತ್ತು. ಎಂಜಿನ್ ಬಿಗಿದು ಚಕ್ರ ಕಚ್ಚಿಕೊಂಡು ಕಾರು ಜಾರಿತೇ? ಹಾಗಿದ್ದರೆ ಆ ದಿನ ಜಗ್ಗುಚಕ್ರದಲ್ಲಿ ತಾವು ಮೂವರೂ ನೋಡಿ ಒಪ್ಪಿದ್ದು ತಪ್ಪಾಗಿತ್ತು. ತಪ್ಪಾಗಿದ್ದರೆ ಅದನ್ನು ಕಣ್ಣಾರೆ ನೋಡಬೇಕು. ಭೋಜನನಿಗೆ ಹೇಳಿ ಕಳುಹಿಸಿದರು.

ಭೋಜನ್ ಬಂದ. ಟಾರ್ಪಾಲು ಎಳೆಯುವ ಮೊದಲು ಹೊರಗೆ ಕೂತು ಬೀಡಿ ಸೇದಿದ. "ಅಕ್ಕ, ಇದನ್ನು ಬಿಚ್ಚಿದರೆ ಏನಾದರೂ ಸಿಗುತ್ತೆ, ಇಲ್ಲ ಏನೂ ಸಿಗಲ್ಲ. ಎರಡರಲ್ಲಿ ಯಾವುದಾದರೂ ನೀವು ತಡ್ಕೊಳ್ತೀರಾ?"

"ಬಿಚ್ಚು," ಎಂದರು ಲಿಂಗಾಜಮ್ಮ.

ಇಬ್ಬರೂ ಸೇರಿ ಎಂಜಿನ್ ಇಳಿಸಿದರು. ಪಿಸ್ಟನ್‌ಗಳನ್ನು ಒಂದೊಂದಾಗಿ ಹೊರತೆಗೆದು ಬಟ್ಟೆಯಲ್ಲಿ ಒರೆಸಿ ಬಾಗಿಲ ಬೆಳಕಿಗೆ ಹಿಡಿದರು. ಕರಗಿದ ಗುರುತಿಲ್ಲ, ಗೀರಿಲ್ಲ. ಬೇರಿಂಗುಗಳು ನುಣುಪಾಗಿದ್ದವು. ಕಾರ್ಬುರೇಟರು ಒಡೆದಿತ್ತು, ಬ್ಲೋವರಿನ ಹೊರಮೈ ತಗ್ಗಾಗಿತ್ತು, ಅದು ಬಿದ್ದ ಪೆಟ್ಟು. ಬ್ರೇಕಿನ ಕೇಬಲ್ಲು, ಸ್ಟೀರಿಂಗು ಬಿಚ್ಚಿ ನೋಡಿದರು. ಬಾಗಿದ್ದವು, ತುಂಡಾಗಿರಲಿಲ್ಲ. ಆದರೂ ಲಿಂಗಾಜಮ್ಮನಿಗೆ ಸಾಲದು. ಕೂಡಿಸಿ ಓಡಿಸೋಣ, ಅವರೇ ಹಾಕಿದ್ದ ಜೆಟ್ಟುಗಳನ್ನೇ ಹಾಕು ಎಂದರು. ಭೋಜನ್ ಕೂನೂರಿನಿಂದ ಬಿಡುವಿದ್ದಾಗಲೆಲ್ಲ ಬಂದು ತಗ್ಗು ತಟ್ಟಿ, ಒಡೆದದ್ದನ್ನು ಬೆಸೆದು, ಬೇರೆ ಕಾರ್ಬುರೇಟರು ಹುಡುಕಿ ಹೊಂದಿಸಿದ. ಮಳೆಗಾಲ ಕಳೆಯಿತು.

ಓಡಿಸಿದ್ದು ಒಂದು ನಿಚ್ಚಳ ಬಿಸಿಲಿನ ಬೆಳಿಗ್ಗೆ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಭೋಜನ್ ಸಿದ್ದಯ್ಯನವರ ಜಾಗದಲ್ಲಿ ನಿಂತಿದ್ದ, ತಿರುಪು ಹಿಡಿಯಲು ಅವನ ಹಟ್ಟಿಯ ಹಾಲನ್ ಬಂದಿದ್ದ. ಲಿಂಗಾಜಮ್ಮ ತಂಬಿಗೆ ಹಿಡಿದರು. ಬ್ಲೋವರ್ ಕೂಗಲು ಶುರು ಮಾಡಿದಾಗ ಅವರ ಕೈ ಒಂದು ಗಳಿಗೆ ನಿಂತು, ಮರದಿಂದ ಹೊಗೆ ಬಂತು. ಭೋಜನ್ ಕಣ್ಣೆತ್ತಿ ನೋಡಿದ. ಅವರು ಮತ್ತೆ ನೀರು ಬಿಟ್ಟರು. ತಿರುಪು ಬಿಗಿಯಾದಂತೆ ಮುಳ್ಳು ಏರಿತು. ಏರಿ, ಹಿಂದೆ ನಿಂತಿದ್ದಲ್ಲೇ ಬಂದು ನಿಂತಿತು. ಭೋಜನ್ ಕಿಡಿಯನ್ನು ಮುಂದಕ್ಕೆ ಸರಿಸಿದ, ಪೆಟ್ರೋಲ್ ಇಳಿಸಿದ, ಮಸಿನಗುಡಿಯ ಗಾಳಿ ಮಾಡಬಹುದಾದ ತೊಂದರೆಗಿಂತ ಹೆಚ್ಚಿನ ತೊಂದರೆ ಕೊಟ್ಟು ನೋಡಿದ. ಎಂಜಿನ್ ಸ್ವಲ್ಪ ಬಡಿಯಿತು, ಬಿಸಿಯಾಯಿತು, ಆದರೆ ನಿಲ್ಲಲಿಲ್ಲ. ಬೇಕಾದಷ್ಟು ಹೊತ್ತು ಓಡಿತು. ಕೊನೆಗೆ ಅವನು ಕೈ ತೆಗೆದಾಗ ಸದ್ದು ತಗ್ಗುತ್ತಾ ಹೋಯಿತು. ತಗ್ಗಿದ ಆ ಸದ್ದನ್ನು ಲಿಂಗಾಜಮ್ಮ ಮಂಜಿನಲ್ಲಿ ಎಷ್ಟೋ ಸಲ ಕೇಳಿದ್ದರು.

"ಬಂಡಿಯಲ್ಲಿ ಏನೂ ತಪ್ಪಿಲ್ಲ ಅಕ್ಕ. ಅಣ್ಣ ಸರಿಯಾಗೇ ಮಾಡಿದ್ದರು," ಎಂದ ಭೋಜನ್. ಅವನ ಕಣ್ಣಲ್ಲಿ ನೀರಿತ್ತು.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಪುಟ್ಟಲಿಂಗಮ್ಮ ಒಳಗೆ ಬಂದರು. "ಬಂಡಿ ಸರಿಯಾಗಿತ್ತು ಅಂದ್ರೆ ಏನಾಯ್ತು? ನನ್ನ ಮಗನೇ ದಾರಿ ಬಿಟ್ಟ ಅಂತ ತಾನೆ? ಬುದ್ಧಿ ನೆಟ್ಟಗಿರಲಿಲ್ಲ, ಇಲ್ಲ ಬೇಕೂಂತ ಹೋದ ಅಂತ ತಾನೆ? ಇಷ್ಟು ದಿನ ಈ ಕಬ್ಬಿಣನಾದ್ರೂ ಬಯ್ಕೊಂಡಿದ್ದೆ. ಅದನ್ನೂ ಕಿತ್ಕೊಂಡೆ ನೀನು." ಅಂದಿನಿಂದ ಮುದುಕಿ ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಒಲೆ, ಎರಡು ಮೂಲೆ. ಸದ್ದು ಬಂದಾಗ ಮಾತ್ರ ಇಬ್ಬರೂ ತಮತಮಗೆ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಅತ್ತೆಯ ಮಾತು ಲಿಂಗಾಜಮ್ಮನನ್ನು ಕೊರೆಯಿತು. ಗಂಡ ಬೇಕೆಂದೇ ಹೋದರೇ? ಹೊರಡುವಾಗ ಹೇಳಿದ ಮಾತು, ಕೋಟಿನ ಗುಂಡಿ ಹಾಕಿದ ರೀತಿ, ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಭೋಜನನನ್ನು ಕರೆದುಕೊಂಡು, ಮಸಿನಗುಡಿಗೆ ಇಳಿಯುತ್ತಿದ್ದ ಲಾರಿಯೊಂದರಲ್ಲಿ ಆ ತಿರುವಿಗೆ ಹೋದರು. ಮಂಜು ಬರುವ ಹೊತ್ತಿಗೇ ಹೋಗಬೇಕೆಂದು ಹಟ ಹಿಡಿದಿದ್ದರು.

ತಿರುವಿನ ಹೊರ ಅಂಚಿನಲ್ಲಿ ಯಾರೋ ಜೋಡಿಸಿಟ್ಟ ಮೂರು ಕಲ್ಲು, ಬಾಡಿದ ಕಾಡುಹೂವು. ಭೋಜನ್ ಅದನ್ನು ನೋಡಿ, "ನಾವ್ಯಾರೂ ಇಟ್ಟದ್ದಲ್ಲ, ಗಾಡಿಯವರೂ ಇಲ್ಲಿ ಇಳಿಯಲ್ಲ," ಎಂದ. ಕೆಳಗಿನಿಂದ ಜಲಪಾತದ ಮೊರೆತ ಬರುತ್ತಿತ್ತು. ಮಂಜು ಕಣಿವೆಯಿಂದ ಎದ್ದು ಬಂದು ರಸ್ತೆಯನ್ನೂ ಕಣಿವೆಯನ್ನೂ ಒಂದೇ ಮಾಡಿತು. ಆಗ ಮೇಲಿನ ಕಾಲುದಾರಿಯಿಂದ ಒಬ್ಬ ಹೆಂಗಸು ಇಳಿದು ಬಂದಳು. ಬಡಗ ಹೆಂಗಸರು ಉಡುವ ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ, ಹಣೆಯಲ್ಲಿ ಹಚ್ಚೆ, ಕೈಯಲ್ಲಿ ಹೂವು. ಇವರನ್ನು ಕಂಡು ತಿರುಗಿ ಓಡಲು ಹೋದಳು. ಭೋಜನ್ ಅವಳ ಮಾತಿನಲ್ಲೇ ಕೂಗಿ ನಿಲ್ಲಿಸಿದ.

ಅವಳು ನಂಜಿ. ಕಲ್ಲಟ್ಟಿಯ ಹಟ್ಟಿಯವಳು, ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವಳು. ಲಿಂಗಾಜಮ್ಮ ಯಾರೆಂದು ಭೋಜನ್ ಹೇಳಿದಾಗ ಅವಳು ರಸ್ತೆಯ ಮೇಲೆಯೇ ಕುಸಿದು ಕೂತಳು.

"ಅವತ್ತು ಇಲ್ಲಿ ನಿಂತಿದ್ದದ್ದು ಪೀಡೆ ಅಲ್ಲ ಅಕ್ಕ. ನಾನು," ಎಂದಳು.

ಸೌದೆ ಹೊತ್ತು ಬಂದು ತಿರುವಿನ ಒಳಮಗ್ಗುಲಲ್ಲಿ ನಿಂತಿದ್ದಳು. ಕೆಳಗಿನಿಂದ ವಿಚಿತ್ರವಾದ ಸದ್ದು ಏರುತ್ತಾ ಬಂತು. ಅಂಥದ್ದನ್ನು ಅವಳು ಕೇಳಿರಲೇ ಇಲ್ಲ. ಏನೆಂದು ನೋಡಲು ಒಂದು ಹೆಜ್ಜೆ ಮುಂದೆ ಬಂದಳು. ಮಂಜಿನೊಳಗಿಂದ ಹಸಿರು ಕಾರು ಬಂತು. ಅದರಲ್ಲಿದ್ದವರು ಅವಳನ್ನು ಕಂಡು ನಿಧಾನ ಮಾಡಿದರು.

"ಸದ್ದು ತಗ್ಗಿತು. ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ನನ್ನ ದಾಟಿದ ಮೇಲೆ ಮತ್ತೆ ಸದ್ದು ಏರಿತು. ದಾರಿ ಹೀಗೆ ತಿರುಗ್ತದೆ, ಅವರು ನೆಟ್ಟಗೆ ಹೋದರು. ಮಂಜನ್ನೇ ದಾರಿ ಅಂದುಕೊಂಡರೋ ಏನೋ. ನನ್ನ ನೋಡಿದ್ದರಿಂದ ತಿರುವು ತಪ್ಪಿತೋ ಏನೋ. ಆಮೇಲೆ ಸದ್ದಿಲ್ಲ."

ಹೇಳುತ್ತಾ ಹೇಳುತ್ತಾ ಅವಳು ಬಾಯಿಂದಲೇ ಆ ಸದ್ದು ಮಾಡಿ ತೋರಿಸಿದಳು. ಏರಿತು, ತಗ್ಗಿತು, ಏರಿತು, ನಿಂತಿತು. ಲಿಂಗಾಜಮ್ಮ ಮತ್ತು ಪುಟ್ಟಲಿಂಗಮ್ಮ ಸದ್ದಿನ ಆ ಏರಿಳಿತವನ್ನು ಯಾರ ಮುಂದೆಯೂ ಆಡಿರಲಿಲ್ಲ, ಭೋಜನನ ಮುಂದೆಯೂ ಇಲ್ಲ. ಲಿಂಗಾಜಮ್ಮ ರಸ್ತೆಯಂಚಿನ ಬಂಡೆಯ ಮೇಲೆ ಕೂತುಬಿಟ್ಟರು. ನಂಜಿಗೂ ಅದು ಈಗಲೂ ಕೇಳಿಸುತ್ತಿತ್ತು. ಅವತ್ತು ಗಾಡಿಯವರು ಕೂಗಿದಾಗ ಹೆದರಿ ಓಡಿದ್ದಳು. ಹಟ್ಟಿಯಲ್ಲಿ ಪೀಡೆಯ ಕತೆ ಹಬ್ಬಿದಾಗ, ಅದು ನಾನು ಎಂದು ಹೇಳುವ ಧೈರ್ಯವಾಗದೆ ಉಳಿದುಬಿಟ್ಟಿದ್ದಳು. ಕೆಲವು ಸಲ, ಜನ ಹೇಳುವುದೇ ನಿಜವಿರಬೇಕು, ನಾನು ಬದುಕಿಲ್ಲವೇನೋ ಎಂದು ತನ್ನ ಕೈಯನ್ನು ತಾನೇ ಹಿಂಡಿಕೊಂಡು ನೋಡುತ್ತಿದ್ದಳಂತೆ.

ಲಿಂಗಾಜಮ್ಮ ಕೇಳಿದ್ದು ಒಂದೇ. "ಅವರ ಮುಖ ಹೇಗಿತ್ತು?"

"ಗಾಬರಿ ಏನೂ ಇರಲಿಲ್ಲ. ಯಾರೋ ಗುರುತಿನವರನ್ನು ನೋಡಿದ ಹಾಗೆ ನೋಡಿದರು."

ಮನೆಗೆ ಬಂದು ಅತ್ತೆಗೆ ಹೇಳಿದಾಗ ಪುಟ್ಟಲಿಂಗಮ್ಮ ನಂಬಲಿಲ್ಲ. ಅವಳನ್ನೇ ಕರೆಸು, ಅವಳ ಬಾಯಿಂದ ಕೇಳಬೇಕು ಎಂದರು. ಸಂತೆಯ ದಿನ ನಂಜಿ ಬಂದಳು. ಮುದುಕಿ ಅವಳನ್ನು ಎದುರಿಗೆ ಕೂರಿಸಿಕೊಂಡು ಕೊನೆಯವರೆಗೆ ಕೇಳಿದರು. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ಲಿಂಗಾಜಮ್ಮ ಮಧ್ಯೆ ಬರಲು ಸಿದ್ಧವಾಗಿ ನಿಂತಿದ್ದರು. ಪುಟ್ಟಲಿಂಗಮ್ಮ ನಂಜಿಯ ಗಲ್ಲ ಹಿಡಿದು ಅವಳ ಕಣ್ಣೊಳಗೆ ನೋಡಿದರು. ಆ ಕಣ್ಣುಗಳು ಕೊನೆಗೆ ತಮ್ಮ ಮಗನನ್ನು ಕಂಡಿದ್ದವು.

"ಇನ್ನೊಂದ್ಸಲ ಹೇಳವ್ವ," ಎಂದರು.

ಅದು ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಸಂತೆಗೂ ನಂಜಿ ಬರಬೇಕಾಯಿತು. ಬಂದು, ರೊಟ್ಟಿ ತಿಂದು, ಮೊದಲಿನಿಂದ ಹೇಳಬೇಕು. ಸದ್ದು ಏರಿದ್ದು, ತಗ್ಗಿದ್ದು, ನೋಡಿದ್ದು. ಹೇಳಿಕೊಂಡರೆ ಭಾರ ಇಳಿಯುತ್ತದೆ ಎಂದು ಬಂದವಳು ವಾರವಾರವೂ ಅದೇ ತಿರುವಿಗೆ ಹೋಗಿ ನಿಲ್ಲಬೇಕಾಯಿತು. ಅವಳು ಬಿಳುಚಿಕೊಂಡು, ಸಣ್ಣಗಾಗುತ್ತಾ ಹೋದಳು. ಸಾಕು ಬಿಡಿ ಅತ್ತೆ ಎಂದು ಲಿಂಗಾಜಮ್ಮ ಎಷ್ಟು ಹೇಳಿದರೂ ಮುದುಕಿ ಕೇಳಲಿಲ್ಲ. ಒಂದು ವಾರ ನಂಜಿ ಎಂದೂ ಹೇಳದಿದ್ದ ಒಂದು ಮಾತು ಹೇಳಿದಳು.

"ನನ್ನ ನೋಡಿದಾಗ ಅವರ ತುಟಿ ಅಲ್ಲಾಡಿತು."

ಪುಟ್ಟಲಿಂಗಮ್ಮ ಅವಳ ಕೈ ಹಿಡಿದುಕೊಂಡರು. "ಏನಂದ?"

"ಸದ್ದಿನಲ್ಲಿ ಕೇಳಲಿಲ್ಲ ಅಜ್ಜಿ."

ಮುದುಕಿಯ ಉಳಿದ ಬದುಕೆಲ್ಲ ಅದೇ ಆಯಿತು. ಅವ್ವ ಅಂದಿರಬೇಕು ಎನ್ನುತ್ತಿದ್ದರು. ಸರಿ ಸರಿ ಅಂದಿರಬೇಕು, ದಾರಿಯಲ್ಲಿದ್ದವರಿಗೆ ಅವನು ಹಾಗೇ ಹೇಳುತ್ತಿದ್ದದ್ದು ಎನ್ನುತ್ತಿದ್ದರು. ತಮ್ಮ ತುಟಿಯನ್ನೇ ಬೇರೆ ಬೇರೆ ಬಗೆಯಾಗಿ ಅಲ್ಲಾಡಿಸಿ, ಹೀಗಾ, ಹೀಗಾ ಎಂದು ನಂಜಿಯನ್ನು ಕೇಳುತ್ತಿದ್ದರು. ಮುಂದಿನ ಚಳಿಗಾಲದಲ್ಲಿ ಹಾಸಿಗೆ ಹಿಡಿದು ತೀರಿಕೊಂಡರು. ಕೊನೆಗೆ ಸೊಸೆಯ ಜೊತೆ ಮಾತು ಬಂದಿತ್ತು. ಆ ಮಾತೂ ತುಟಿಯ ವಿಷಯವೇ.

ಅಷ್ಟರಲ್ಲಿ, ಎಂಜಿನ್ ಸರಿಯಾಗಿಯೇ ಇತ್ತು ಎಂದು ಭೋಜನ್ ಎಲ್ಲ ಕಡೆ ಹೇಳಿದ್ದರಿಂದ, ಶೆಡ್ಡಿಗೆ ಮತ್ತೆ ಕಾರುಗಳು ಬರಲು ಶುರುವಾಗಿದ್ದವು. ಅವನು ಕೂನೂರು ಬಿಟ್ಟು ಬಂದ. ಲಿಂಗಾಜಮ್ಮ ಜಗ್ಗುಚಕ್ರದ ತಿರುಪನ್ನು ತಾವೇ ಹಿಡಿದರು. ಹಸಿರು ಕಾರಿನ ಮೈ ಗುಜರಿಗೆ ಹೋಯಿತು. ಎಂಜಿನ್ನಿನ ಭಾಗಗಳು ಒಂದೊಂದಾಗಿ ಬೇರೆ ಬೇರೆ ಬಂಡಿಗಳಿಗೆ ಸೇರಿ ಪಂದಲೂರು, ಗೂಡಲೂರಿನ ರಸ್ತೆಗಳಲ್ಲಿ ಓಡಾಡಿದವು. ಬ್ಲೋವರ್ ಕೊಳ್ಳಲು ಇಬ್ಬರು ಬಂದಿದ್ದರು. ಲಿಂಗಾಜಮ್ಮ ಕೊಡಲಿಲ್ಲ. ಭೋಜನ್ ಅದನ್ನು ಸುತ್ತಿಗೆಯಿಂದ ಒಡೆದು ತುಂಡು ಮಾಡುವವರೆಗೂ ಮುಂದೆ ನಿಂತಿದ್ದರು. ಸದ್ದು ಅದರಿಂದ ನಿಲ್ಲಲಿಲ್ಲ.

ಹಟ್ಟಿಯಲ್ಲಿ ನಂಜಿಯ ಗುಟ್ಟು ಹೊರಬಿದ್ದ ಮೇಲೆ ಅವಳ ಅತ್ತಿಗೆ ಅವಳ ಕೈಯ ನೀರು ಮುಟ್ಟದಾದಳು. ಪೀಡೆಯೆಂದು ಕರೆಸಿಕೊಂಡವಳು ಮನೆಯಲ್ಲಿದ್ದರೆ ದನಕ್ಕೆ ಆಗದು ಎಂದಳಂತೆ. ಲಿಂಗಾಜಮ್ಮ ಹೋಗಿ ಅವಳನ್ನು ಕರೆತಂದರು. ನಾನು ಆ ಬೀದಿಗೆ ಬಂದಾಗ ಇಬ್ಬರೂ ಒಟ್ಟಿಗಿದ್ದರು. ನಮ್ಮವರಲ್ಲೂ ಅದನ್ನು ಆಡಿಕೊಂಡವರಿದ್ದರು. ಓರಗಿತ್ತಿ ಶೆಡ್ಡಿನ ಮುಂದೆ ಮಾತು ನಿಲ್ಲಿಸುತ್ತಿದ್ದದ್ದು ಅದಕ್ಕೇ.

ಒಂದು ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದೆ. ನಂಜಿ ಸೊಪ್ಪು ಬಿಡಿಸುತ್ತಿದ್ದಳು, ಲಿಂಗಾಜಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದರು. ಕಿಟಕಿಯಾಚೆ ಮಂಜು. ನನ್ನ ತಂಗಿಯ ಮದುವೆಯ ವಿಷಯ ಹೇಳುತ್ತಿದ್ದವಳು, ಇಬ್ಬರ ಕೈಯೂ ಒಟ್ಟಿಗೆ ನಿಂತದ್ದನ್ನು ಕಂಡು ನಿಲ್ಲಿಸಿದೆ. ಇಬ್ಬರೂ ಗೋಡೆಯ ಕಡೆ ನೋಡುತ್ತಿದ್ದರು. ನನಗೆ ಏನೂ ಕೇಳಿಸಲಿಲ್ಲ, ಒಲೆಯಲ್ಲಿ ಹಸಿ ಸೌದೆ ಸೀಟಿ ಹೊಡೆಯುವುದು ಬಿಟ್ಟರೆ. ಸ್ವಲ್ಪ ಹೊತ್ತಿಗೆ ಜರಡಿ ಮತ್ತೆ ಆಡಿತು. ಅವತ್ತೇ ಅವರು ನನಗೆ ಇದನ್ನೆಲ್ಲ ಹೇಳಿದ್ದು.

ಕತೆ ಪುಟ್ಟಲಿಂಗಮ್ಮನ ಸಾವಿನವರೆಗೆ ಬಂದಾಗ ಲಿಂಗಾಜಮ್ಮ ತಡೆದು, ನಂಜಿಯ ಕಡೆ ತಿರುಗಿದರು. ಇಷ್ಟು ವರ್ಷ ಕೇಳದೇ ಇದ್ದದ್ದು ನನ್ನ ಮುಂದೆ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

"ನಂಜಿ, ನಿಜವಾಗಿ ಅವರ ತುಟಿ ಅಲ್ಲಾಡಿತಾ? ಇಲ್ಲ ಅತ್ತೆಗೋಸ್ಕರ ಹೇಳಿದ್ದಾ?"

ನಂಜಿ ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಮುರಿದಳು. "ಅಜ್ಜಿಗೋಸ್ಕರ ಹೇಳಿದ್ದಾ, ಕಂಡದ್ದಾ, ಈಗ ಗೊತ್ತಾಗಲ್ಲ ಅಕ್ಕ. ಅಷ್ಟು ಸಲ ಹೇಳಿದ್ದೀನಿ. ಕಣ್ಣು ಮುಚ್ಚಿದರೆ ಈಗ ತುಟಿ ಅಲ್ಲಾಡೋದೇ ಕಾಣ್ತದೆ."

ಲಿಂಗಾಜಮ್ಮ ಜರಡಿಯನ್ನು ಕೆಳಗಿಟ್ಟು, ಅವಳ ಮಡಿಲಿನಲ್ಲಿದ್ದ ಸೊಪ್ಪಿನಲ್ಲಿ ಅರ್ಧವನ್ನು ತಮ್ಮ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದರು.